ಕುದುರೆಮುಖಕ್ಕೆ ಹೊರಡುವ ಮುನ್ನ ಮಳೆಯ ಲೆಕ್ಕ

ಕುದುರೆಮುಖಕ್ಕೆ ಹೊರಟವರು ಮೊದಲು ಕೇಳುವುದು ತುದಿಗೆ ಎಷ್ಟು ಕಿಲೋಮೀಟರು ಎಂದು. ಎರಡನೆಯದು, ಶನಿವಾರ ಭಾನುವಾರದಲ್ಲಿ ಮುಗಿಯುತ್ತದೆಯೇ ಎಂದು. ಮಳೆಯ ಮಾತು ಬರುವುದು ಕಟ್ಟಕಡೆಗೆ, ಅದೂ ‘ರೇನ್‌ಕೋಟ್ ಬೇಕಾಗುತ್ತಾ’ ಅನ್ನುವಷ್ಟಕ್ಕೆ. ಈ ಕ್ರಮವೇ ತಲೆಕೆಳಗು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಾಗ ಇದು. ಬಿದ್ದ ನೀರೆಲ್ಲ ಹರಿಯದೆ ನಿಂತಿದ್ದರೆ ನಾಲ್ಕು ಆಳೆತ್ತರ ಆಗುತ್ತಿತ್ತು. ಬೆಂಗಳೂರಿಗೆ ಏಳು ವರ್ಷದಲ್ಲಿ ಬೀಳುವಷ್ಟು ಇಲ್ಲಿ ಒಂದೇ ವರ್ಷಕ್ಕೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಘಾಟಿ ರಸ್ತೆ ತೆರೆದಿದೆಯೋ, ಹಳ್ಳ ದಾಟಬಹುದೋ, ಕಾಲಿಗೆ ಹತ್ತುವುದು ಇಂಬಳವೋ (ಜಿಗಣೆ) ಉಣುಗೋ, ಇದನ್ನೆಲ್ಲ ತೀರ್ಮಾನಿಸುವುದು ಮಳೆ. ಕ್ಯಾಲೆಂಡರಿನ ಕೆಂಪು ಅಕ್ಷರ ನೋಡಿ ರಜೆ ಹಾಕುವವರಿಗೆ ಈ ಕಾಡು ಅರ್ಧ ಮಾತ್ರ ಕಾಣುತ್ತದೆ.

1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ರಾಜ್ಯದ ಸಿಂಗಳೀಕಗಳ (ಸಿಂಹಬಾಲದ ಕೋತಿ) ಸಮೀಕ್ಷೆ ನಡೆಸಿ, ಅವುಗಳ ನೆಲೆಯಾದ ಈ ಮಳೆಕಾಡನ್ನು ಕಾಪಾಡಬೇಕೆಂದು ಶಿಫಾರಸು ಮಾಡಿದ್ದರು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿ.ಮೀ. ಹರವು, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಹಂಚಿಕೊಂಡಿದೆ. ತುಂಗೆ, ಭದ್ರೆ, ನೇತ್ರಾವತಿಯರ ಮೂಲ ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಹೊಸಬರು ಫೋಟೋಗಳಲ್ಲಿ ನೋಡಿರುವುದು ಬರೀ ಹಸಿರು ಹುಲ್ಲಿನ ಗುಡ್ಡ. ಮಳೆಕಾಡು ಎಲ್ಲಿ ಎಂದು ಅಲ್ಲಿ ನಿಂತು ಕೇಳುವವರೂ ಇದ್ದಾರೆ. ಅದು ಕೆಳಗಿದೆ. ಗಾಳಿಗೆ ಮೈಯೊಡ್ಡಿದ ಎತ್ತರದ ಇಳಿಜಾರಿನಲ್ಲಿ ಹುಲ್ಲು. ಗುಡ್ಡಗಳ ಮಡಿಕೆಗಳಲ್ಲಿ, ನೀರಿನ ಜಾಡು ಹಿಡಿದು ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು. ಇನ್ನೂ ಕೆಳಗೆ ಕಣಿವೆಯಲ್ಲಿ ಮತ್ತು ಘಟ್ಟದ ಇಳುಕಲಿನಲ್ಲಿ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣ ಕಾಡು. ತುದಿಗೆ ಓಡಿ ಓಡಿ ಬಂದವರು ನೋಡಬೇಕಾದ್ದನ್ನು ದಾಟಿಕೊಂಡೇ ಬಂದಿರುತ್ತಾರೆ.

ಈಗ ತಿಂಗಳ ವಿಚಾರ. ಜೂನ್ ಎರಡನೇ ವಾರದಿಂದ ಆಗಸ್ಟ್ ಮುಗಿಯುವವರೆಗೆ ಹೋದರೆ ಮಳೆಕಾಡು ಮಳೆಯಲ್ಲೇ ಸಿಗುತ್ತದೆ. ಕಪ್ಪೆಗಳ ಸದ್ದು, ಮರದ ಬೊಡ್ಡೆಯ ಮೇಲೆ ಪಾಚಿ, ಎಲ್ಲೆಲ್ಲೂ ಝರಿ. ಆದರೆ ತುದಿಯಿಂದ ಏನೂ ಕಾಣುವುದಿಲ್ಲ. ಹತ್ತು ಮಾರು ಆಚೆ ಮಂಜು. ಮಳೆ ಜೋರಾದರೆ ಚಾರಣವನ್ನೇ ನಿಲ್ಲಿಸುತ್ತಾರೆ, ಆಗ ನಿಮ್ಮ ಬುಕಿಂಗ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಮಳೆಗಾಲದ ಪ್ರವಾಸಕ್ಕೆ ತುದಿಯನ್ನು ಗುರಿಯಾಗಿ ಇಟ್ಟುಕೊಳ್ಳಲೇಬಾರದು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹುಲ್ಲು ಹಸಿರಾಗಿಯೇ ಇರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ಬಾನು ತೆರೆದಿರುತ್ತದೆ. ಈ ತಿಂಗಳುಗಳ ಅಪಾಯ ಮಧ್ಯಾಹ್ನದ ಗುಡುಗು. ಜುಲೈ ಮಳೆ ಎಡೆಬಿಡದೆ ಸುರಿದರೂ ಸಿಡಿಲು ಕಡಿಮೆ. ಅಕ್ಟೋಬರಿನಲ್ಲಿ ಹಿಂಗಾರು ಮೋಡ ಎರಡು ಗಂಟೆಗೆಲ್ಲ ಕಟ್ಟಿಕೊಂಡು ಸಿಡಿಯುತ್ತದೆ. ಬೋಳು ಏಣಿನ (ಗುಡ್ಡದ ಬೆನ್ನಿನ) ಮೇಲೆ ಆಗ ಎತ್ತರದ ವಸ್ತು ಅಂದರೆ ನೀವೊಬ್ಬರೇ. ಮಧ್ಯಾಹ್ನ ಒಂದೂವರೆಯೊಳಗೆ ಏಣು ಬಿಟ್ಟು ಇಳಿಯಲು ಶುರುಮಾಡಿರಬೇಕು.

ಡಿಸೆಂಬರ್, ಜನವರಿ ನಡೆಯುವವರಿಗೆ ಸುಖದ ಕಾಲ. ಇಂಬಳ ಇಳಿಮುಖ, ಬೆಳಗ್ಗೆ ಕಣಿವೆಯಲ್ಲಿ ಹಾಲು ಸುರಿದಂತೆ ಮಂಜು, ದೂರದವರೆಗೂ ಬೆಟ್ಟಸಾಲು. ಹುಲ್ಲು ಮಾತ್ರ ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಸಿರು ನಿರೀಕ್ಷಿಸಿ ಬಂದವರು ಬೇಸರಪಟ್ಟುಕೊಳ್ಳುತ್ತಾರೆ. ಫೆಬ್ರವರಿ ಬಂತೆಂದರೆ ಅದೇ ಹುಲ್ಲು ಉರುವಲು. ಒಂದು ಬೀಡಿ ತುಂಡಿಗೆ ಇಡೀ ಇಳಿಜಾರು ಹೋಗುತ್ತದೆ, ಶೋಲಾದ ಅಂಚೂ ಸುಡುತ್ತದೆ. ಬೆಂಕಿಯ ದಿನಗಳಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದು ಇದಕ್ಕೇ. ಬೇಸಿಗೆ ರಜೆಗೆಂದು ಏಪ್ರಿಲ್‌ನಲ್ಲಿ ಯೋಜನೆ ಹಾಕುವವರು ಮೊದಲು ದಾರಿ ತೆರೆದಿದೆಯೇ ಎಂದು ವಿಚಾರಿಸಿ, ಆಮೇಲೆ ಬಸ್ಸಿನ ಟಿಕೆಟ್ ಮಾಡಿಸಲಿ. ನಮ್ಮ ಆಯ್ಕೆ ಕೇಳಿದರೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ, ಅದೂ ವಾರದ ನಡುವಿನ ದಿನ.

ವಾರದ ನಡುವೆ ಎನ್ನುವುದಕ್ಕೆ ಕಾರಣವಿದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. 2024ರಲ್ಲಿ ಚಾರಣದ ದಾರಿಗಳಲ್ಲಿ ಜಾತ್ರೆಯಂತೆ ಜನ ಸೇರತೊಡಗಿದ ಮೇಲೆ ಈ ಬಿಗಿ ಬಂದದ್ದು. ಶನಿವಾರದ ಜಾಗ ಬೇಗ ತುಂಬುತ್ತದೆ. ಬುಕ್ ಮಾಡುವಾಗ ಪ್ರತಿಯೊಬ್ಬರ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಹಾಕಿ, ಅದೇ ಚೀಟಿಯನ್ನು ಜೊತೆಗೆ ಒಯ್ಯಿ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ: ಕೊನೆ ಗಳಿಗೆಯಲ್ಲಿ ಒಬ್ಬ ಬರುವುದಿಲ್ಲ, ಅವನ ಬದಲು ಇನ್ನೊಬ್ಬ ಬರುತ್ತಾನೆ, ಗೇಟಿನಲ್ಲಿ ಹೆಸರು ಹೊಂದುವುದಿಲ್ಲ. ಪ್ಯಾಕೇಜ್ ಮಾರುವವರ ಮೂಲಕ ಹೋಗುವುದಾದರೆ ‘ಪರ್ಮಿಟ್ ನಾವು ನೋಡಿಕೊಳ್ತೀವಿ’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ನಿಮ್ಮ ಹೆಸರು, ತಾರೀಕು, ಯಾವ ಚಾರಣ ಎಂಬುದು ಇರುವ ಟಿಕೆಟ್ಟನ್ನು ಮೊಬೈಲಿಗೆ ತರಿಸಿಕೊಂಡು, ಸಿಗ್ನಲ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಒಂದು ಪ್ರತಿ ಕಾಗದದಲ್ಲೂ ಇರಲಿ.

ದಾರಿ ಮೂರು ಕಡೆಯಿಂದ. ಬೆಂಗಳೂರಿನವರು ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಬರುತ್ತಾರೆ. ರಾತ್ರಿ ಹೊರಡುವ ಹೊರನಾಡಿನ ಬಸ್ಸುಗಳು ಬೆಳಗಾಗುವ ಹೊತ್ತಿಗೆ ಕಳಸಕ್ಕೆ ಬಿಡುತ್ತವೆ. ಮಂಗಳೂರು, ಉಡುಪಿಯವರಿಗೆ ಕಾರ್ಕಳದಿಂದ ಮಾಳದ ಮೇಲೆ ಹತ್ತುವ ರಸ್ತೆ. ಶೃಂಗೇರಿಯಿಂದ ಬರುವವರಿಗೆ ಕೆರೆಕಟ್ಟೆಯ ಮೂಲಕ. ಕಾರ್ಕಳದ ದಾರಿಯೂ ಶೃಂಗೇರಿಯ ದಾರಿಯೂ ಕೂಡುವ ಜಾಗವನ್ನು ಎಲ್ಲರೂ ಇವತ್ತಿಗೂ ಎಸ್.ಕೆ. ಬಾರ್ಡರ್ ಎನ್ನುತ್ತಾರೆ, ಸೌತ್ ಕೆನರಾ ಜಿಲ್ಲೆ ಹೆಸರು ಬದಲಿಸಿ ಎಷ್ಟೋ ಕಾಲವಾದರೂ ಗಡಿ ಮಾತ್ರ ಹಳೆಯ ಹೆಸರಲ್ಲೇ ಉಳಿದಿದೆ. ಉದ್ಯಾನದೊಳಗಿನ ರಸ್ತೆಗೆ ಎರಡೂ ತುದಿಯಲ್ಲಿ ತಪಾಸಣಾ ಗೇಟು. ಒಳಹೊಕ್ಕ ಹೊತ್ತು ಬರೆದುಕೊಳ್ಳುತ್ತಾರೆ, ಗೊತ್ತುಪಡಿಸಿದ ಹೊತ್ತಿನೊಳಗೆ ಆಚೆ ಗೇಟಿನಿಂದ ಹೊರಬೀಳಬೇಕು. ನಡುವೆ ಗಾಡಿ ನಿಲ್ಲಿಸಿ ಊಟದ ಡಬ್ಬಿ ಬಿಚ್ಚುವಂತಿಲ್ಲ. ಪೆಟ್ರೋಲನ್ನು ಕಳಸ, ಶೃಂಗೇರಿ ಅಥವಾ ಕಾರ್ಕಳದಲ್ಲೇ ತುಂಬಿಸಿಕೊಳ್ಳಿ, ಕೈಯಲ್ಲಿ ನಗದು ಇರಲಿ. ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯನ್ನು ನೆಚ್ಚಿಕೊಂಡು ಯೋಜನೆ ಹಾಕುವವರು ಇನ್ನೊಂದು ದಾರಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಗುಡ್ಡ ಜರಿಯುವುದು ಅಲ್ಲಿ ಹೊಸದಲ್ಲ.

ಉಳಿಯಲು ಕಳಸ, ಸಂಸೆ ಸುತ್ತಿನ ಹೋಂಸ್ಟೇಗಳು ಅನುಕೂಲ. ಕಾಡಿನೊಳಗೇ ಇರಬೇಕೆಂದರೆ ಭದ್ರೆಯ ದಂಡೆಯ ಭಗವತಿ ಪ್ರಕೃತಿ ಶಿಬಿರವಿದೆ, ಅದಕ್ಕೂ ಮುಂಗಡ ಬುಕಿಂಗ್. ಕುದುರೆಮುಖ ಪಟ್ಟಣದಲ್ಲಿ ಎಲ್ಲ ಸಿಗುತ್ತದೆ ಎಂದುಕೊಂಡು ಬರಬೇಡಿ. ಅದು ಕಬ್ಬಿಣದ ಅದಿರಿನ ಗಣಿ ಕಂಪನಿ ಕಟ್ಟಿದ ಊರು; ಗಣಿ ನಿಂತ ಮೇಲೆ ಕ್ವಾರ್ಟರ್ಸುಗಳು ಖಾಲಿಯಾದವು. 1975ರ ಸುಮಾರಿಗೆ ಇರಾನಿನ ಹಣದ ಭರವಸೆಯ ಮೇಲೆ ಶುರುವಾದ ಯೋಜನೆ ಅದು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು, ಗಣಿ ಮುಂದುವರಿಯಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು, ಉಳಿದ ಕೆಸರನ್ನು ತಡೆದು ನಿಲ್ಲಿಸಲು ಲಕ್ಯಾ ಅಣೆಕಟ್ಟು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ರಸ್ತೆಯಿಂದ ಕಾಣುವ ಮೆಟ್ಟಿಲು ಮೆಟ್ಟಿಲಾದ ಗುಡ್ಡ ಏನೆಂದು ಮಕ್ಕಳು ಕೇಳಿದರೆ ಹೇಳಲು ಇಷ್ಟು ತಿಳಿದಿರಲಿ.

ತುದಿಯ ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಅಲ್ಲಿಯವರೆಗಿನ ಕೊನೆಯ ಆರೇಳು ಕಿಲೋಮೀಟರು ಜೀಪಿನ ರಸ್ತೆ. ನಿಮ್ಮ ಕಾರಿನ ತಳ ಕಲ್ಲಿಗೆ ತಾಗುತ್ತದೆ, ಮಳೆಯಲ್ಲಿ ಚಕ್ರ ಹೂತರೆ ಎಳೆಯಲು ಬರುವುದೂ ಅದೇ ಜೀಪೇ, ಆಗ ಬಾಡಿಗೆ ಬೇರೆ ದರ. ಹೋಗಿ ಬರಲು ಹೆಚ್ಚುಕಡಿಮೆ 20 ಕಿ.ಮೀ. ನಡಿಗೆ, ತುದಿಯ ಎತ್ತರ 1,890 ಮೀಟರಿಗೂ ತುಸು ಮೇಲೆ. ನಡೆದು ಅಭ್ಯಾಸ ಇರುವವರಿಗೆ ಎಂಟು ಗಂಟೆ, ಇಲ್ಲದವರಿಗೆ ಹತ್ತು. ಆರೂವರೆ ಏಳಕ್ಕೆ ಹೊರಟರೆ ಕತ್ತಲೆಗೆ ಮುಂಚೆ ವಾಪಸ್ಸು. ಒಂಬತ್ತಕ್ಕೆ ಹೊರಟ ಗುಂಪು ಟಾರ್ಚು ಹುಡುಕುತ್ತಾ ಇಳಿಯುತ್ತದೆ. ಹೊರಗೆ ಆರೂವರೆಗೆ ಬೆಳಕಿದ್ದರೂ ಶೋಲಾದೊಳಗೆ ಐದೂವರೆಗೇ ಮಬ್ಬು, ಯಾಕೆಂದರೆ ನೆತ್ತಿಯ ಬಿಸಿಲಲ್ಲೂ ಆ ನೆಲಕ್ಕೆ ತಲುಪುವುದು ನೂರಕ್ಕೆ ಒಂದೆರಡು ಪಾಲು ಬೆಳಕು. ಒಂಟಿಮರ ಎಂಬ ಗುರುತಿನ ಮರದವರೆಗೆ ಏರು ಸಲೀಸು. ಆಮೇಲೆ ಕಾಡು ಒಂದಿಷ್ಟು, ಹುಲ್ಲು ಒಂದಿಷ್ಟು, ನಡುವೆ ಹಳ್ಳಗಳು. ಒಂಟಿಮರದ ಹೊತ್ತಿಗೇ ಏದುಸಿರು ಬಂದವರಿದ್ದರೆ ಅಲ್ಲಿಂದಲೇ ವಾಪಸ್ಸಾಗುವ ಮಾತನ್ನು ಬೆಳಗ್ಗೆಯೇ ಆಡಿಕೊಂಡಿರಬೇಕು. ಅರ್ಧದಾರಿಯಲ್ಲಿ ಆಡಿದರೆ ಅದು ಜಗಳ.

ಹಳ್ಳ ದಾಟುವುದಕ್ಕೆ ಒಂದೇ ನಿಯಮ: ರಭಸದ ನೀರು ಮಂಡಿಗಿಂತ ಮೇಲಿದ್ದರೆ ದಾಟಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಹತ್ತು ಇಪ್ಪತ್ತು ನಿಮಿಷದಲ್ಲಿ ಕೆಳಗೆ ಬರುತ್ತದೆ. ತಿಳಿಯಾಗಿದ್ದ ನೀರು ಕೆಂಪಗಾದರೆ, ಕಡ್ಡಿ ಎಲೆ ತೇಲಿಬಂದರೆ ಅದೇ ಸೂಚನೆ. ಈ ಹಳ್ಳಗಳ ಹರವು ಚಿಕ್ಕದು, ಏರಿದಷ್ಟೇ ಬೇಗ ಇಳಿಯುತ್ತವೆ, ಮಳೆ ನಿಂತು ಒಂದೆರಡು ಗಂಟೆ ಕಾದರೆ ಸಾಕು. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಿ, ಜಾರಿದರೆ ಬ್ಯಾಗನ್ನು ಕಳಚಿಕೊಳ್ಳಲು ಬರಬೇಕು. ಕೋಲನ್ನು ನೀರು ಬರುವ ದಿಕ್ಕಿಗೆ ಊರಿ. ಬೂಟು ಬಿಚ್ಚಿ ಬರಿಗಾಲಲ್ಲಿ ದಾಟುವ ಚಪಲ ಬೇಡ. ಪಾಚಿಗಲ್ಲಿನ ಮೇಲೆ ಮೊದಲು ಜಾರುವುದು ಅಂಗಾಲು.

ಬಟ್ಟೆಬರೆಯಲ್ಲಿ ಜನ ಮಾಡುವ ದೊಡ್ಡ ತಪ್ಪು ಜೀನ್ಸು. ನೆನೆದರೆ ಭಾರವಾಗುತ್ತದೆ, ತೊಡೆ ಉಜ್ಜಿ ಗಾಯವಾಗುತ್ತದೆ, ಮೂರು ದಿನವಾದರೂ ಒಣಗುವುದಿಲ್ಲ. ತೆಳು ಸಿಂಥೆಟಿಕ್ ಪ್ಯಾಂಟು, ಪೂರ್ತಿ ತೋಳಿನ ಅಂಗಿ ಸಾಕು. ಕೊಡೆ ಕಾಡೊಳಗೆ ಉಪಯೋಗಕ್ಕೆ ಬರುತ್ತದೆ, ಏಣಿನ ಮೇಲೆ ಗಾಳಿಗೆ ಮಗುಚಿಕೊಳ್ಳುತ್ತದೆ. ಹಿಂದಿನವರು ಗದ್ದೆಗೆ ಕಂಬಳಿಕೊಪ್ಪೆ, ಗೊರಬು ಹಾಕುತ್ತಿದ್ದರಲ್ಲ, ಅದರ ತತ್ವವೇ ಸರಿ: ಬೆನ್ನು ಮತ್ತು ತಲೆ ಮುಚ್ಚಬೇಕು, ಮುಂದುಗಡೆ ಗಾಳಿಯಾಡಬೇಕು. ಬ್ಯಾಗಿನ ಮೇಲೂ ಸೇರಿ ಇಳಿಬೀಳುವ ಪಾಂಚೋ ಈ ಕೆಲಸ ಮಾಡುತ್ತದೆ. ಮೈಗಂಟಿದ ರೇನ್‌ಕೋಟಿನೊಳಗೆ ಹತ್ತುವಾಗ ಬೆವರಿನಲ್ಲೇ ನೆನೆಯುತ್ತೀರಿ. ಬ್ಯಾಗಿನ ಮೇಲಿನ ಕವರನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣ ಅಂಗಿ, ಟವೆಲ್ಲು ಕಟ್ಟಿಡಿ. ತುದಿಯಲ್ಲಿ ಒದ್ದೆ ಮೈಗೆ ಗಾಳಿ ಹೊಡೆದು ಹಲ್ಲು ಕಟಕಟಿಸತೊಡಗಿದರೆ ಆ ಒಣ ಅಂಗಿಯೇ ಔಷಧ. ಬೂಟು ವಾಟರ್‌ಪ್ರೂಫ್ ಆಗಿರಬೇಕಿಲ್ಲ. ಒಮ್ಮೆ ಮೇಲಿನಿಂದ ನೀರು ತುಂಬಿದರೆ ಅಂಥ ಬೂಟಿನಿಂದ ಅದು ಹೊರಗೂ ಹೋಗುವುದಿಲ್ಲ. ಅಡಿಯ ಹಲ್ಲು ಆಳವಾಗಿರಲಿ, ಅಷ್ಟೇ. ಕುಡಿಯಲು ತಲಾ ಎರಡು ಲೀಟರ್ ನೀರು, ಒಂದು ಓಆರ್‌ಎಸ್ ಪೊಟ್ಟಣ, ಮಧ್ಯಾಹ್ನಕ್ಕೆ ಚಪಾತಿ ಅಥವಾ ಪುಳಿಯೋಗರೆ ಸ್ಟೀಲ್ ಡಬ್ಬಿಯಲ್ಲಿ. ಒಂದು ಸಲ ಬಳಸಿ ಬಿಸಾಡುವ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಗೇಟಿನಲ್ಲೇ ತಕರಾರಿಗೆ ಬರುತ್ತವೆ.

ಇಂಬಳದ ಭಯ ಅದರ ಕಡಿತಕ್ಕಿಂತ ದೊಡ್ಡದು. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಹಾಗಾಗಿ ಬಿಟ್ಟುಹೋದ ಮೇಲೂ ಗಂಟೆಗಟ್ಟಲೆ ಒಸರುತ್ತದೆ; ನೋವು ಇಲ್ಲವೇ ಇಲ್ಲ ಅನ್ನಬಹುದು. ಮಂಡಿಯವರೆಗಿನ ಒತ್ತು ನೇಯ್ಗೆಯ ಇಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಬಿಗಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು. ಮಲೆನಾಡಿನವರ ಉಪಾಯ ಇನ್ನೂ ಸರಳ: ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಸಾಕ್ಸು, ಇಲ್ಲವೇ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಬಿಗಿದು ಹತ್ತಿದ ಇಂಬಳಕ್ಕೆ ಮುಟ್ಟಿಸುವುದು. ಜೋರು ಮಳೆಯಲ್ಲಿ ಉಪ್ಪೂ ಹೊಗೆಸೊಪ್ಪೂ ತೊಳೆದುಹೋಗುತ್ತವೆ ಎಂಬುದು ನೆನಪಿರಲಿ. ಕಚ್ಚಿಕೊಂಡದ್ದನ್ನು ಕಡ್ಡಿ ಗೀರಿ ಸುಡಬೇಡಿ, ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ಉಗುರಿನಿಂದ ಬಾಯಿಯ ಬುಡದಲ್ಲಿ ಓರೆಯಾಗಿ ತಳ್ಳಿದರೆ ಬಿಡುತ್ತದೆ. ನಿಂತಲ್ಲಿ ನಿಲ್ಲದಿರುವುದೂ ಒಂದು ಉಪಾಯ. ಒದ್ದೆ ಎಲೆಯ ಮೇಲೆ ಎರಡು ನಿಮಿಷ ಫೋಟೋಗೆ ನಿಂತವರಿಗೇ ಹೆಚ್ಚು ಹತ್ತುವುದು.

ಇಷ್ಟೆಲ್ಲ ಸಿದ್ಧತೆ ತುದಿಗಾಗಿ ಎಂದಾದರೆ ನಷ್ಟವೇ. ಎರಡು ರಾತ್ರಿ ಇಟ್ಟುಕೊಂಡು ಒಂದು ದಿನವನ್ನು ಕಾಡಿಗೆಂದೇ ಬಿಡಿ. ತುದಿ ಬೇಡದವರಿಗೆ ಕುರಿಂಜಾಲು, ಗಂಗಡಿಕಲ್ಲು ಚಿಕ್ಕ ಚಾರಣಗಳಿವೆ, ಇವಕ್ಕೂ ಅನುಮತಿ ಬೇಕು. ವಯಸ್ಸಾದವರ ಜೊತೆ ಹೋದರೆ ರಸ್ತೆ ಬದಿಯ ಕಡಾಂಬಿ ಜಲಪಾತ, ಮೆಟ್ಟಿಲಿಳಿದು ನೋಡುವ ಹನುಮನಗುಂಡಿ ಎಂಬ ಸೂತನಬ್ಬಿ ಜಲಪಾತ. ಇಳಿಯುವುದು ಹಗುರ, ಹತ್ತುವುದು ಮಂಡಿನೋವಿನವರಿಗೆ ಕಷ್ಟ ಎಂಬುದನ್ನು ಮೇಲೆಯೇ ತಿಳಿಸಿ.

ಸಿಂಗಳೀಕ ನೋಡುವ ಆಸೆಯಿದ್ದರೆ ನೆಲ ನೋಡುತ್ತಾ ನಡೆಯಬೇಡಿ. ಮರದ ನೆತ್ತಿಯಲ್ಲೇ ಹುಟ್ಟಿ ಅಲ್ಲೇ ಬಾಳುವ ಪ್ರಾಣಿ ಅದು. ಕೊಂಬೆಗೆ ಕೊಂಬೆ ಕೂಡಿದ ಕಾಡು ತುಂಡಾದರೆ ಅದರ ದಾರಿಯೇ ತುಂಡಾಯಿತು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಬೂದಿಯ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ರಸ್ತೆ ಬದಿ ಬಾಳೆಹಣ್ಣಿಗೆ ಕಾದು ಕೂತದ್ದು ಸಾಮಾನ್ಯ ಕೋತಿ, ಕಪ್ಪು ಮುಸುಡಿಯ ಬೂದು ಬಣ್ಣದ್ದು ಮುಸುವ. ಎರಡನ್ನೂ ಸಿಂಗಳೀಕವೆಂದು ಹಾಕಿದ ಫೋಟೋಗಳು ಸಾಕಷ್ಟಿವೆ. ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ, ಹೆಬ್ಬಲಸೋ ಅತ್ತಿಯೋ ಹಣ್ಣಾಗಿರುವ ಮರ ಸಿಕ್ಕರೆ ಅದರಿಂದ ಮೂವತ್ತು ಮಾರು ದೂರ ಸುಮ್ಮನೆ ಇಪ್ಪತ್ತು ನಿಮಿಷ ನಿಲ್ಲಿ. ಗಾಳಿಯಿಲ್ಲದೆ ಒಂದೇ ಕೊಂಬೆ ಅಲುಗಿದರೆ, ಅರ್ಧ ತಿಂದ ಹಣ್ಣು ಪಟಪಟ ಬಿದ್ದರೆ ಅಲ್ಲಿ ಯಾರೋ ಇದ್ದಾರೆ. ಸಿಂಗಳೀಕ ಆಗದಿದ್ದರೆ ಕೆಂಜಳಿಲು, ಅದೂ ಅಲ್ಲದಿದ್ದರೆ ಮಂಗಟ್ಟೆ (ಹಾರ್ನ್‌ಬಿಲ್). ಮಂಗಟ್ಟೆಯಾದರೆ ಹಾರುವಾಗ ರೆಕ್ಕೆಯ ಸದ್ದೇ ಹೇಳುತ್ತದೆ. ಝರಿಯ ಕಡೆಯಿಂದ ಯಾರೋ ಹುಡುಗ ಗುರಿಯಿಲ್ಲದೆ ಶಿಳ್ಳೆ ಹಾಕಿದಂತೆ ಕೇಳಿದರೆ ಅದು ಸಿಳ್ಳಾರ ಹಕ್ಕಿ. ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ನಡೆಯುವ ಗುಂಪಿನ ಹಿಂದೆ ಸಿಕ್ಕಿಕೊಂಡರೆ ಇದ್ಯಾವುದೂ ಇಲ್ಲ. ಅರ್ಧ ಗಂಟೆ ಕೂತು ಅವರನ್ನು ಮುಂದೆ ಬಿಡುವುದೇ ಮೇಲು.

ಮನೆಗೆ ಬಂದ ಮೇಲೂ ಒಂದು ಕೆಲಸವಿದೆ, ಅದರಲ್ಲೂ ಡಿಸೆಂಬರಿನಿಂದ ಮೇ ನಡುವೆ ಹೋದವರಿಗೆ. ಇಂಬಳ ಮಳೆಯದ್ದು, ಉಣುಗು ಒಣಹವೆಯದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದು ಗೊತ್ತಾಗುವುದಿಲ್ಲ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಸಿಕ್ಕರೆ ಹೊರಡುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬೆವರಿದ ಮೇಲೆ ಮತ್ತೊಮ್ಮೆ. ಒಣ ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೋ ಗೇಟಿನವರಿಗೋ ತಿಳಿಸಿ. ತಂಗುವ ಮನೆಗೆ ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈತಿಕ್ಕಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂದೆ, ಸೊಂಟದ ಪಟ್ಟಿ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮುಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ತಿರುಚುವುದು ಬೇಡ. ಕಾಯಿಲೆ ಹತ್ತಿದ್ದರೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದಲ್ಲಿ ತೋರುತ್ತದೆ: ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಒಡೆಯುವಂಥ ತಲೆನೋವು, ಮೈಕೈ ನೋವು. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನ ಆಫೀಸಿನಲ್ಲಿರುತ್ತೀರಿ, ಡಾಕ್ಟರು ಡೆಂಗಿ ಪರೀಕ್ಷೆ ಬರೆಯುತ್ತಾರೆ. ಅವರು ಬರೆಯುವ ಮುಂಚೆಯೇ ‘ಹೋದ ವಾರ ಕಳಸದ ಕಡೆ ಕಾಡಿಗೆ ಹೋಗಿದ್ದೆ’ ಎಂದು ಹೇಳಿಬಿಡಿ.